ನಡೆದ ದಾರಿಯಲ್ಲಿ ನಡೆಯದ ಅತ್ತೆ

ನೀವು ಎಪ್ಪತ್ತರ ದಶಕದಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಮದುವೆ ಮಾಡಿಕೊಂಡವರಾದರೆ ಒಂದು ಕೆಲಸ ಮಾಡಿ. ಮದುವೆಯ ಆಲ್ಬಮ್ ತೆಗೆದು ನೋಡಿ. ಗಂಡು ಹೆಣ್ಣಿನ ಹಿಂದೆ, ನೆಂಟರ ಸಾಲಿನ ಸರಿಯಾಗಿ ನಡುವೆ, ದುಂಡು ಮುಖದ, ದೊಡ್ಡ ಕುಂಕುಮದ ಹೆಂಗಸೊಬ್ಬರು ನಗುತ್ತಾ ನಿಂತಿದ್ದಾರಾ? ಅವರು ಯಾರು ಅಂತ ನಿಮಗೂ ಗೊತ್ತಿಲ್ಲ, ನಿಮ್ಮ ಬೀಗರಿಗೂ ಗೊತ್ತಿಲ್ಲ ತಾನೆ? ಹಾಗಾದರೆ ಅವರು ನನ್ನ ಅತ್ತೆ. ನೀವು ಕರೆದಿರಲಿಕ್ಕಿಲ್ಲ. ಆದರೂ ಬಂದಿದ್ದರು!

ಊಟಕ್ಕಾಗಿ ಹೋಗುತ್ತಿದ್ದರು ಅಂತ ಮಾತ್ರ ತಿಳಿಯಬೇಡಿ. ಅತ್ತೆ ಮುಯ್ಯಿ ಮಾಡದೆ ಯಾರ ಮನೆಯ ಎಲೆಯ ಮುಂದೂ ಕೂತವರಲ್ಲ. ಅವರಿಗೆ ಬೇಕಾಗಿದ್ದದ್ದು ಶಾಸ್ತ್ರ. ನಮ್ಮ ಜಾತಿಯಲ್ಲಿ ಇಲ್ಲದ್ದು, ನಮ್ಮ ಸೀಮೆಯಲ್ಲಿ ಕಾಣದ್ದು, ಒಟ್ಟಿನಲ್ಲಿ ಅವರು ಅಲ್ಲಿಯವರೆಗೆ ನೋಡದೇ ಇದ್ದದ್ದು. ಯಾಕೆ ಈ ಹುಚ್ಚು ಅಂತ ಕೇಳಿದರೆ ಅದಕ್ಕೊಂದು ಕಾರಣವಿದೆ, ಮತ್ತು ಆ ಕಾರಣ ನಗುವಂಥದ್ದಲ್ಲ.

ಅತ್ತೆ ಅಂದರೆ ನಮ್ಮಪ್ಪನ ಅಕ್ಕ. ಹುಟ್ಟಿದ್ದು ತೀರ್ಥಹಳ್ಳಿ ಕಡೆ, ಕೊಟ್ಟಿದ್ದು ಸಾಗರಕ್ಕೆ. ಮಾವನಿಗೆ ಸಾಗರದ ಪೇಟೆಯಲ್ಲಿ ಕಬ್ಬಿಣದ ಸಾಮಾನಿನ ಅಂಗಡಿ. ಮೊಳೆ, ಚಿಲಕ, ಕತ್ತಿ, ಗುದ್ದಲಿ ಇಂಥವು. ಮಕ್ಕಳಿರಲಿಲ್ಲ. ನಾನು ಕಾಲೇಜು ಓದಲಿಕ್ಕೆಂದು ಅವರ ಮನೆ ಸೇರಿದವಳು, ಓದು ಮುಗಿಸಿ ಅಲ್ಲೇ ಒಂದು ಶಾಲೆಯಲ್ಲಿ ಟೀಚರಾಗಿ, ಮದುವೆಯಾಗುವವರೆಗೂ ಅಲ್ಲೇ ಉಳಿದೆ. ಹಾಗಾಗಿ ಅತ್ತೆಯ ಸಾಹಸಗಳಿಗೆಲ್ಲ ನಾನು ಸಾಕ್ಷಿ. ಕೆಲವಕ್ಕೆ ಪಾಲುದಾರಳು ಕೂಡ.

ಹುಚ್ಚು ಶುರುವಾದದ್ದು ನಮ್ಮಜ್ಜಿಯಿಂದ. ಅಜ್ಜಿಗೆ, ಅಂದರೆ ಅತ್ತೆಯ ತಾಯಿಗೆ, ಅರವತ್ತು ದಾಟುವ ಹೊತ್ತಿಗೆ ಮರೆವು ಬಂತು. ಮೊದಲು ಉಪ್ಪಿನ ಡಬ್ಬಿ ಎಲ್ಲಿಟ್ಟೆ ಅನ್ನುವುದು ಮರೆತರು. ಆಮೇಲೆ ಮೊಮ್ಮಕ್ಕಳ ಹೆಸರು. ಒಂದು ದಿನ ತವರಿಗೆ ಬಂದ ಅತ್ತೆಯನ್ನು ಜಗಲಿಯಲ್ಲಿ ಚಾಪೆ ಹಾಸಿ ಕೂರಿಸಿ, ಬೆಲ್ಲ ನೀರು ಕೊಟ್ಟು, "ಯಾವೂರಾಯ್ತು ನಿಮ್ದು?" ಅಂತ ಬಹಳ ಮರ್ಯಾದೆಯಿಂದ ವಿಚಾರಿಸಿದರು. ಅತ್ತೆ ಬೆಲ್ಲ ತಿಂದು, ನೀರು ಕುಡಿದು, ಹಿತ್ತಿಲಿಗೆ ಹೋಗಿ ಅತ್ತರು. ಅಜ್ಜಿಯ ತಾಯಿಗೂ ಹೀಗೇ ಆಗಿತ್ತು ಅಂತ ಊರಿನ ಹಳಬರು ನೆನಪು ಮಾಡಿಕೊಟ್ಟರು. ಮುಂದಿನ ಸರದಿ ಯಾರದು ಅಂತ ಯಾರೂ ಬಾಯಿ ಬಿಟ್ಟು ಹೇಳಬೇಕಾಗಿರಲಿಲ್ಲ.

ಅಜ್ಜಿಯನ್ನು ನೋಡುತ್ತಿದ್ದ ಡಾಕ್ಟರ ಹತ್ತಿರ ಅತ್ತೆ ನೇರವಾಗಿ ಕೇಳಿದರು. "ನಂಗೂ ಬರ್ತದಾ ಇದು?"

"ಹೇಳಲಿಕ್ಕೆ ಆಗೋದಿಲ್ಲಮ್ಮ. ಮಿದುಳಿಗೆ ಕೆಲಸ ಕೊಡ್ತಾ ಇರಿ. ಹೊಸದು ಏನಾದ್ರೂ ನೋಡ್ತಾ, ಕಲೀತಾ ಇರ್ಬೇಕು. ನಡೆದ ದಾರೀಲೇ ನಡೀತಾ ಇದ್ರೆ ಅದಕ್ಕೂ ನಿದ್ದೆ ಬರ್ತದೆ."

ಪಾಪ, ಅವರು ಸಮಾಧಾನಕ್ಕೆ ಒಂದು ಮಾತು ಹೇಳಿದ್ದು. ಅತ್ತೆ ಅದನ್ನು ಮೂರು ಹೊತ್ತಿನ ಗುಳಿಗೆಯ ಹಾಗೆ ನುಂಗಿದರು. ಅವತ್ತು ಆಸ್ಪತ್ರೆಯಿಂದ ಬಸ್‌ಸ್ಟ್ಯಾಂಡಿಗೆ ಹೊರಟದ್ದೇ ಹೊಸ ದಾರಿಯಲ್ಲಿ. ದಾರಿಯೂ ತಪ್ಪಿತು, ಸಾಗರದ ಬಸ್ಸೂ ತಪ್ಪಿತು.

ಅಲ್ಲಿಂದ ಮುಂದೆ ಅತ್ತೆ ಸಾಗರದಿಂದ ತವರಿಗೆ ನೆಟ್ಟಗೆ ಹೋದದ್ದನ್ನು ಯಾರೂ ಕಂಡಿಲ್ಲ. ಹೊಸನಗರದ ಮೇಲೆ ಹೋದರೆ ಸುಲಭವಾಗಿ ಮುಟ್ಟುವ ಊರದು. ಅತ್ತೆ ಒಮ್ಮೆ ನಗರ ಅನ್ನುವ ಊರಿನ ಕೋಟೆ ಹತ್ತಿ ಇಳಿದು ಹೋದರು, ಒಮ್ಮೆ ಶಿವಮೊಗ್ಗ ನೋಡಿಕೊಂಡು ಹೋದರು. ನನ್ನ ನಿಶ್ಚಿತಾರ್ಥದ ದಿನ ಏನಾಯಿತು ಕೇಳಿ. ನಾನೂ ಮಾವನೂ ಹಿಂದಿನ ದಿನವೇ ತೀರ್ಥಹಳ್ಳಿಗೆ ಹೋಗಿದ್ದೆವು. ಗಂಡಿಗೆ ಹಾಕುವ ಉಂಗುರವನ್ನು ಸಾಗರದ ಅಕ್ಕಸಾಲಿ ಆಚಾರರಿಂದ ಬಿಡಿಸಿಕೊಂಡು ಅತ್ತೆ ಬೆಳಗಿನ ಬಸ್ಸಿಗೆ ಬರಬೇಕಿತ್ತು. ಅವರು ಬಸ್‌ಸ್ಟ್ಯಾಂಡಿಗೆ ಬಂದರು. ಎದುರಿಗೆ ಅವರು ಯಾವತ್ತೂ ಹತ್ತದ ಒಂದು ಬಸ್ಸು ನಿಂತಿತ್ತು. ಹತ್ತಿದರು.

"ಎಲ್ಲಿಗಮ್ಮಾ?" ಅಂತ ಕಂಡಕ್ಟರ್ ಕೇಳಿದ.

"ಇದು ಎಲ್ಲಿಯವರೆಗೆ ಹೋಗ್ತದೆ?"

"ಕೋಣಂದೂರು."

"ಹಾಗಾದ್ರೆ ಅಲ್ಲಿಗೇ ಕೊಡಿ."

ಕೋಣಂದೂರು ಸುತ್ತಿಕೊಂಡು ಉಂಗುರ ಬಂದದ್ದು ಮಧ್ಯಾಹ್ನದ ಮೇಲೆ. ಗಂಡಿನ ಕಡೆಯವರು ಗಡಿಯಾರ ನೋಡಿ ನೋಡಿ, ಪುರೋಹಿತರು ಪಂಚಾಂಗ ತಿರುವಿ ತಿರುವಿ, ನಮ್ಮಪ್ಪ ಅಂಗಳಕ್ಕೂ ಜಗಲಿಗೂ ಓಡಾಡಿ ಎಲ್ಲರಿಗೂ ಸಾಕಾಗಿತ್ತು. ಅತ್ತೆ ಒಬ್ಬರೇ ಬರಲಿಲ್ಲ. ಬಸ್ಸಿನಲ್ಲಿ ಪರಿಚಯವಾದ ಮುದುಕ ಮುದುಕಿಯರಿಬ್ಬರನ್ನು ಊಟಕ್ಕೆ ಕರಕೊಂಡು ಬಂದಿದ್ದರು. ಅಪ್ಪ ಹಲ್ಲು ಕಚ್ಚಿಕೊಂಡು "ಅಕ್ಕಾ" ಅಂದರು, ಅಷ್ಟೇ. ಅತ್ತೆ ಬೆವರು ಒರೆಸಿಕೊಳ್ಳುತ್ತಾ, "ಉಂಗುರ ತಡ ಆದ್ರೆ ಎಂತಾಯ್ತೋ? ಗಂಡು ಎದ್ದು ಓಡಿ ಹೋಗ್ಲಿಲ್ಲ ಅಲ್ದಾ?" ಅಂದರು. ಗಂಡು ಓಡಿ ಹೋಗಲಿಲ್ಲ. ಈಗಲೂ ಒಮ್ಮೊಮ್ಮೆ ಅವತ್ತು ಅವಕಾಶವಿತ್ತು ಅಂತ ನೆನೆಸಿಕೊಳ್ಳುತ್ತಾರೆ.

ದಾರಿ ಬದಲಿಸಿದರೆ ಸಾಲದು ಅಂತ ಆಮೇಲೆ ಅನಿಸಿತು. ಹೊಸನಗರದ ಕಡೆ ಕೇರಳದಿಂದ ಬಂದು ಜಮೀನು ಮಾಡಿದ್ದ ಒಂದು ಸಂಸಾರದ ಸ್ನೇಹ ಮಾಡಿ, ಮರಗೆಣಸು ಬೇಯಿಸುವುದನ್ನೂ ಅರ್ಧ ಮಲಯಾಳವನ್ನೂ ಕಲಿತು ಬಂದರು. ಆ ಅರ್ಧ ಪೂರ್ತಿ ಅಡುಗೆಮನೆಯದು. ಉಪ್ಪು ಹಾಕು, ಉರಿ ತಗ್ಗಿಸು, ಇನ್ನು ಸಾಕು. ಪೇಟೆಯಲ್ಲಿ ಯಾರಾದರೂ ಮಲಯಾಳಿ ಲಾರಿ ಡ್ರೈವರ್ ಕಂಡರೆ ಅತ್ತೆ ಅವನನ್ನು ನಿಲ್ಲಿಸಿ "ಉರಿ ತಗ್ಗಿಸು" ಅನ್ನುವರು. ಅವನು ಕಕ್ಕಾಬಿಕ್ಕಿಯಾಗಿ ಕೈಯಲ್ಲಿದ್ದ ಬೀಡಿ ಬಿಸಾಡುವನು.

ಐವತ್ತರ ಹೊಸ್ತಿಲಲ್ಲಿ ಸೈಕಲ್ ಕಲಿಯಲು ಹೊರಟರು. ಆಗಿನ ಸಾಗರದಲ್ಲಿ ಸೀರೆ ಉಟ್ಟು ಸೈಕಲ್ ಹೊಡೆಯುವ ಹೆಂಗಸನ್ನು ನೋಡಲು ಅಂಗಡಿಗಳಿಂದ ಜನ ಎದ್ದು ಹೊರಗೆ ಬರುತ್ತಿದ್ದರು. ಅತ್ತೆ ಬಾಡಿಗೆ ಸೈಕಲ್ ತಂದು ಶಾಲೆಯ ಮೈದಾನದಲ್ಲಿ ಹತ್ತುವುದನ್ನು ಕಲಿತರು, ತುಳಿಯುವುದನ್ನು ಕಲಿತರು. "ಇಳಿಯೋದು ನಾಳೆ ಕಲಿತ್ರೆ ಆಯ್ತು" ಅಂತ ಅವತ್ತೇ ಪೇಟೆಗೆ ಬಿಟ್ಟರು! ಕೆರೆ ಏರಿ ದಾಟಿತು, ಪೇಟೆ ಬೀದಿ ಬಂತು, ಮಾವನ ಅಂಗಡಿ ಬಂತು. "ಇಲ್ನೋಡಿ, ಸ್ವಲ್ಪ ಹಿಡ್ಕೊಳ್ಳಿ" ಅಂತ ಕೂಗುತ್ತಾ ಅಂಗಡಿಯ ಮುಂದೆಯೇ ಹೋದರು. ಮಾವ ಗಿರಾಕಿಗೆ ಮೊಳೆ ತೂಗುತ್ತಿದ್ದರು. ತಲೆ ಎತ್ತಿ, "ತೂಕ ಮುಗೀಲಿ, ಒಂದು ಸುತ್ತು ಹಾಕ್ಕೊಂಡು ಬಾ" ಅಂದರು. ಅತ್ತೆ ಬೀದಿ ಸುತ್ತಿ ಮತ್ತೆ ಬಂದರು. ತೂಕ ಮುಗಿದಿತ್ತು, ಚಿಲ್ಲರೆ ಕೊಡುವುದು ಬಾಕಿ ಇತ್ತು. ಮತ್ತೊಂದು ಸುತ್ತಾಯಿತು. ಆಮೇಲೆ ಮಾವ ನಿಧಾನವಾಗಿ ಮೆಟ್ಟಿಲಿಳಿದು, ಬೀದಿಯ ನಡುವೆ ನಿಂತು, ಹೆಂಡತಿಯನ್ನೂ ಸೈಕಲನ್ನೂ ಒಟ್ಟಿಗೇ ತಬ್ಬಿ ಹಿಡಿದರು. ಮದುವೆಯಾದ ಮೇಲೆ ಅವರು ಬೀದಿಯಲ್ಲಿ ಹೆಂಡತಿಯ ಕೈ ಮುಟ್ಟಿದ್ದು ಅದೇ ಮೊದಲು, ಅದೇ ಕೊನೆ ಅಂತ ಎದುರಂಗಡಿಯವರು ಬಹಳ ದಿನ ನಗುತ್ತಿದ್ದರು.

ಮಾವನ ವಿಷಯ ಹೇಳಲೇಬೇಕು. ಅತ್ತೆ ಹೇಗೋ ಮಾವ ಅದಕ್ಕೆ ಸರೀ ಉಲ್ಟಾ. ಬೆಳಿಗ್ಗೆ ಅಕ್ಕಿ ರೊಟ್ಟಿ, ಗಟ್ಟಿ ಚಟ್ನಿ. ಅದೇ ಬೀದಿ, ಬೀದಿಯ ಅದೇ ಮಗ್ಗುಲು. ಹೋಟೆಲಿನಲ್ಲಿ ಅದೇ ಬೆಂಚಿನ ಅದೇ ತುದಿ. ಅಲ್ಲಿ ಬೇರೆಯವರು ಕೂತಿದ್ದರೆ ಅವರು ಏಳುವವರೆಗೂ ನಿಂತೇ ಇರುವರು. ಅತ್ತೆಗೆ ಇದನ್ನು ನೋಡಿದರೆ ಸಂಕಟ.

"ಒಂದು ದಿನ ಆದ್ರೂ ಹಿಂದಿನ ಕೇರಿ ಮೇಲೆ ಅಂಗಡಿಗೆ ಹೋಗಿ. ಹಿಂಗೇ ಇದ್ರೆ ತಲೆ ತುಕ್ಕು ಹಿಡೀತದೆ ನಿಮ್ಗೆ."

"ಕಬ್ಬಿಣದ ವ್ಯಾಪಾರಿಗೆ ತುಕ್ಕಿನ ವಿಷ್ಯ ನೀ ಹೇಳ್ಬೇಡ. ದಿನಾ ಎಣ್ಣೆ ಹಚ್ಚೋದು ಎಂತಕ್ಕೆ ಮತ್ತೆ?" ಅಂತ ಮಾವ ತಲೆ ಸವರಿಕೊಳ್ಳುವರು.

ಕಾಟ ತಡೆಯಲಾರದೆ ಒಂದು ದಿನ ಹಿಂದಿನ ಕೇರಿಯ ಮೇಲೆ ಹೋದರು. ರಾತ್ರಿ ಊಟಕ್ಕೆ ಕೂತಾಗ ಅತ್ತೆ ಆಸೆಯಿಂದ "ಎಂತ ಕಂಡ್ರಿ?" ಅಂತ ಕೇಳಿದರು. ಮಾವ ಅನ್ನ ಕಲಸುತ್ತಾ ಸ್ವಲ್ಪ ಹೊತ್ತು ಯೋಚಿಸಿ, "ಅಲ್ಲಿಂದ ಹೋದ್ರೂ ಅಂಗಡಿಗೇ ಬರ್ತದೆ" ಅಂದರು. ಮತ್ತೆ ಆ ಕೇರಿಯ ಕಡೆ ತಲೆ ಹಾಕಲಿಲ್ಲ. ನೆಂಟರ ಮುಂದೆ ಮಾತ್ರ, "ಇವಳಿಗೆ ಎಲ್ಲಾ ಹೊಸದೇ ಆಗ್ಬೇಕು. ಗಂಡ ಒಬ್ಬ ಹಳೇದೇ ಇರ್ಲಿ ಅಂತ ಬಿಟ್ಟಿದ್ದಾಳೆ, ನನ್ನ ಪುಣ್ಯ" ಅನ್ನುತ್ತಿದ್ದರು. ಅತ್ತೆಯನ್ನು ತಡೆದವರೂ ಅಲ್ಲ, ಬೈದವರೂ ಅಲ್ಲ. ಬಾಡಿಗೆ ಸೈಕಲಿನ ಮುರಿದ ಪೆಡಲನ್ನು ತಾವೇ ರಿಪೇರಿ ಮಾಡಿಸಿಕೊಟ್ಟರು.

ಇನ್ನು ಕರೆಯದ ಮದುವೆಗಳಿಗೆ ಬರೋಣ. ಅದರಲ್ಲಿ ಅತ್ತೆಗೆ ಒಂದು ಅನುಕೂಲವಿತ್ತು. ಮದುವೆಮನೆಯಲ್ಲಿ ಗಂಡಿನವರು ಇವರನ್ನು ಹೆಣ್ಣಿನ ಕಡೆಯವರು ಅಂದುಕೊಳ್ಳುವರು, ಹೆಣ್ಣಿನವರು ಗಂಡಿನ ಕಡೆಯವರು ಅಂದುಕೊಳ್ಳುವರು. ಬೀಗರ ಕಡೆಯ ಹಿರಿ ಹೆಂಗಸನ್ನು "ನೀವು ಯಾರು?" ಅಂತ ಕೇಳುವ ಧೈರ್ಯ ನಮ್ಮ ಮಲೆನಾಡಿನಲ್ಲಿ ಯಾರಿಗಿದೆ ಹೇಳಿ? ಕೇಳಿದರೆ ಮದುವೆಯೇ ನಿಂತು ಹೋದೀತು.

ಹೊಸನಗರದ ಹತ್ತಿರ ಒಂದು ಮದುವೆ. ನನ್ನನ್ನೂ ಎಳಕೊಂಡು ಹೋಗಿದ್ದರು. ದಿಬ್ಬಣ ಬಂತು, ಕಾಲು ತೊಳೆಸಿದರು, ಬೆಲ್ಲ ನೀರು ಕೊಟ್ಟರು, ಎಲೆ ಅಡಿಕೆಯ ಹರಿವಾಣ ಬಂತು. ಗಂಡಿನ ಸೋದರಮಾವ ಎಲೆ ತೊಟ್ಟು ಮುರಿದು ನೋಡುತ್ತಾರೆ, ಹರಿವಾಣದಲ್ಲಿ ಸುಣ್ಣವಿಲ್ಲ! ಕೊಡೆ ಊರಿಕೊಂಡು ಎದ್ದರು. "ಸುಣ್ಣ ಇಲ್ಲದ ಎಲೆ ಕೊಟ್ಟು ನಮ್ಮನ್ನ ಕೂರಿಸಿದ್ದೀರಾ? ಸೋದರಮಾವ ಅಂದ್ರೆ ಇಷ್ಟೇನಾ ನಿಮ್ಗೆ? ಏಳ್ರೋ, ಹೊರಡ್ರೋ." ಅವರ ಹಿಂದೆ ಅರ್ಧ ದಿಬ್ಬಣ ಎದ್ದಿತು. ಹೆಣ್ಣಿನ ಅಪ್ಪನ ಮುಖದಲ್ಲಿ ರಕ್ತವಿಲ್ಲ. ಒಳಗೆ ಸುಣ್ಣದ ಡಬ್ಬಿ ಹುಡುಕುವ ಗಲಾಟೆ. ಡಬ್ಬಿ ಇಡಬೇಕಾದವರು ಅವರಿವರ ಹೆಸರು ಹೇಳುತ್ತಿದ್ದರು. ಮದುಮಗಳು ಬಾಗಿಲ ಸಂದಿಯಲ್ಲಿ ನಿಂತು ನೋಡುತ್ತಿತ್ತು, ಪಾಪ.

ಅತ್ತೆ ನನ್ನ ಕೈ ಬಿಡಿಸಿಕೊಂಡು ಹೊರಟರು. ನಾನು ಸೆರಗು ಹಿಡಿದು ಎಳೆದೆ, ನಿಲ್ಲಲಿಲ್ಲ. ನೇರವಾಗಿ ಸೋದರಮಾವನ ಎದುರು ಹೋಗಿ, ತಮ್ಮ ಎಲೆ ಅಡಿಕೆ ಚೀಲದಿಂದ ಹಿತ್ತಾಳೆಯ ಸುಣ್ಣದ ಡಬ್ಬಿ ತೆಗೆದು, ಎರಡೂ ಕೈಯಲ್ಲಿ ಹಿಡಿದು ನೀಡಿದರು.

"ಎಲ್ಲರಿಗೂ ಒಂದೇ ಸುಣ್ಣ ಆದ್ರೆ ಸೋದರಮಾವನಿಗೆ ಎಂತ ಮರ್ಯಾದೆ ಬಂತು? ಹರಿವಾಣದಲ್ಲಿ ಇಡದೆ, ಬೇರೆ ಡಬ್ಬೀಲಿ, ಕೈಯಲ್ಲೇ ತಂದು ಕೊಡೋದು ಪದ್ಧತಿ. ತರೋದ್ರೊಳಗೆ ನೀವು ಎದ್ದೇಬಿಟ್ರಿ!"

ಗಂಡಿನವರು ಇದು ಹೆಣ್ಣಿನವರ ಪದ್ಧತಿ ಅಂದುಕೊಂಡರು. ಹೆಣ್ಣಿನವರು ಗಂಡಿನವರ ಪದ್ಧತಿಯೇ ಹೀಗಿರಬೇಕು, ತಮಗೇ ಗೊತ್ತಿಲ್ಲ ಅಂದುಕೊಂಡು ತಲೆ ಅಲ್ಲಾಡಿಸಿದರು. ಸೋದರಮಾವ ಡಬ್ಬಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಇಷ್ಟು ಮರ್ಯಾದೆ ಅವರಿಗೆ ಜನ್ಮದಲ್ಲಿ ಯಾರೂ ಮಾಡಿರಲಿಲ್ಲ ಅಂತ ಕಾಣುತ್ತದೆ. "ಹಾಗೆ ಮೊದ್ಲೇ ಹೇಳ್ಬೇಕಪ್ಪ" ಅಂತ ಕೂತು ಸುಣ್ಣ ಹಚ್ಚಿದರು. ಧಾರೆ ಆಯಿತು.

ಕೆಲವು ವರ್ಷದ ನಂತರ ಅದೇ ಮನೆತನದ ಇನ್ನೊಂದು ಮದುವೆಗೆ ನಾನು ಹೋಗಬೇಕಾಯಿತು, ಈ ಸಲ ಕರೆದಿದ್ದರು. ದಿಬ್ಬಣ ಬಂದ ಕೂಡಲೇ ಹುಡುಗಿಯೊಬ್ಬಳು ಬೆಳ್ಳಿಯ ಸುಣ್ಣದ ಡಬ್ಬಿಯನ್ನು ಎರಡು ಕೈಯಲ್ಲಿ ಹಿಡಿದು ಗಂಡಿನ ಸೋದರಮಾವನಿಗೆ ಕೊಟ್ಟಳು. "ಇದೆಂಥ ಶಾಸ್ತ್ರ?" ಅಂತ ಪಕ್ಕದ ಅಜ್ಜಿಯನ್ನು ಕೇಳಿದೆ. "ನಮ್ಮಲ್ಲಿ ತಲೆತಲಾಂತರದಿಂದ ಬಂದದ್ದು ಮಗಾ. ಇದು ತಪ್ಪಿದ್ರೆ ಮದುವೆ ಕೂಡೋದಿಲ್ಲ" ಅಂದರು. ನಾನು ಬಾಯಿಗೆ ಸೆರಗು ಒತ್ತಿಕೊಂಡೆ.

ಇಷ್ಟೆಲ್ಲ ನಗೆಯ ಒಳಗೆ ಅತ್ತೆಗೆ ಆ ಹೆದರಿಕೆ ಇದ್ದೇ ಇತ್ತು. ದೀಪ ಹಚ್ಚಿದ ಮೇಲೆ ದೇವರ ಹೆಸರಿಗಿಂತ ಮೊದಲು ನಮ್ಮೆಲ್ಲರ ಹೆಸರು ಹೇಳಿಕೊಳ್ಳುವರು. ತಮ್ಮಂದಿರು, ಅವರ ಮಕ್ಕಳು, ಹುಟ್ಟಿದ ಕ್ರಮದಲ್ಲಿ. ಯಾವುದೂ ತಪ್ಪದಿದ್ದರೆ ನಿಟ್ಟುಸಿರು ಬಿಟ್ಟು ಕೈ ಮುಗಿಯುವರು. ಒಂದು ಸಂಜೆ ನಾನು ಶಾಲೆಯಿಂದ ಬಂದಾಗ ಮನೆಯೆಲ್ಲ ಕಿತ್ತು ಹರಡಿತ್ತು. ಅತ್ತೆ ನಡುಮನೆಯಲ್ಲಿ ನೆಲಕ್ಕೆ ಕೂತಿದ್ದರು. ಬೀರುವಿನ ಬೀಗದ ಕೈ ಸಿಕ್ಕುತ್ತಿಲ್ಲ.

"ಬಂತು ಕಣೇ," ಅಂದರು. "ಸೊಂಟದಲ್ಲಿ ಸಿಕ್ಕಿಸಿದ್ದೆ, ತೆಗ್ದದ್ದು ನೆನಪೇ ಇಲ್ಲ. ಅಮ್ಮನಿಗೂ ಹಿಂಗೇ ಶುರುವಾದದ್ದು."

ಕೈ ಹಿಡಿದು ನೋಡಿದೆ, ತಣ್ಣಗಿತ್ತು. ಏನು ಹೇಳಿದರೂ ಅವರಿಗೆ ಕೇಳಿಸಲಿಲ್ಲ. ಅಷ್ಟರಲ್ಲಿ ಮಾವ ಅಂಗಡಿ ಮುಚ್ಚಿ ಬಂದು, ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದರು. ಜೇಬಿನಲ್ಲಿ ಝಣ್ ಅಂತು. ಬೀಗದ ಕೈ ಅಲ್ಲಿತ್ತು!

"ನಾನೇ ತಗೊಂಡ್ಹೋಗಿದ್ನಾ? ಎಂತಕ್ಕೆ?" ಅಂತ ಮಾವ ನಮ್ಮಿಬ್ಬರನ್ನೂ ಕೇಳಿದರು.

ಅತ್ತೆ ಕಣ್ಣೀರು ಬರುವಷ್ಟು ನಕ್ಕರು. ನಾನೂ ನಕ್ಕೆ. ಮಾವನೂ ನಕ್ಕರು. ಅವತ್ತು ಅತ್ತೆ ಪಾಯಸ ಮಾಡಿದರು.

ನನ್ನ ಮದುವೆಯಾಗಿ ನಾನು ತೀರ್ಥಹಳ್ಳಿಗೆ ಬಂದೆ. ಒಂದೆರಡು ವರ್ಷದಲ್ಲಿ ಸಾಗರದಿಂದ ಸುದ್ದಿಗಳು ಬರತೊಡಗಿದವು. ಮಾವ ಮಧ್ಯಾಹ್ನ ಊಟ ಮಾಡಿ ಹೋಗಿ, ಮತ್ತೆ ಊಟಕ್ಕೆ ಬಂದರಂತೆ. ಪಕ್ಕದ ಬಟ್ಟೆ ಅಂಗಡಿಯ ಬೀಗಕ್ಕೆ ತಮ್ಮ ಕೀಲಿ ಹಾಕಿ ತಿರುಗಿಸುತ್ತಾ ನಿಂತಿದ್ದರಂತೆ. ನಾವೆಲ್ಲ ಅತ್ತೆಯನ್ನೇ ಕಾಯುತ್ತಾ ಕೂತಿದ್ದೆವು, ಅತ್ತೆಯೂ ತಮ್ಮನ್ನೇ ಕಾಯ್ದುಕೊಂಡಿದ್ದರು. ಮರೆವು ಆ ಮನೆಯ ಇನ್ನೊಬ್ಬರನ್ನು ಹಿಡಿಯಿತು.

ನೋಡಲು ಹೋದೆ. ಅತ್ತೆಗೆಂದು ತೀರ್ಥಹಳ್ಳಿಯಿಂದ ಒಂದು ಕೆಂಪು ಸೀರೆ ಒಯ್ದಿದ್ದೆ. ಅಂಗಡಿಯನ್ನು ಬೇರೆಯವರಿಗೆ ವಹಿಸಿಕೊಟ್ಟಿದ್ದರು. ಆದರೂ ಬೆಳಿಗ್ಗೆ ರೊಟ್ಟಿ ಚಟ್ನಿ ಕೊಟ್ಟು, ಅತ್ತೆ ಮಾವನ ಕೈ ಹಿಡಿದು ಅದೇ ಬೀದಿಯ ಅದೇ ಮಗ್ಗುಲಲ್ಲಿ ಅಂಗಡಿಯವರೆಗೂ ನಡೆಸಿಕೊಂಡು ಹೋದರು. ಹೊಸ ಮಾಲೀಕ ಒಳ್ಳೆಯವನು, ಮೊಳೆಯ ಡಬ್ಬಿಗಳ ಹತ್ತಿರ ಕೂರಲು ಬಿಟ್ಟ. ಮಾವ ಮೊಳೆ ಮುಟ್ಟಿ ನೋಡಿ ಸಮಾಧಾನವಾದ ಮೇಲೆ, ಬಂದ ದಾರಿಯಲ್ಲೇ ವಾಪಸು. ಮನೆಯಲ್ಲಿ ಕುರ್ಚಿ ಸರಿಸುವಂತಿಲ್ಲ, ಪರದೆ ಬದಲಿಸುವಂತಿಲ್ಲ. ಏನೇ ಹೊಸದು ಕಂಡರೂ ಮಾವ ಹೆದರುತ್ತಿದ್ದರು. ಹಾಗಾಗಿ ಆ ಮನೆಯಲ್ಲಿ ಹೊಸದು ಅನ್ನುವುದೇ ಇರಲಿಲ್ಲ. ಅತ್ತೆ ಯಾವ ಮದುವೆಗೂ ಹೋಗುತ್ತಿರಲಿಲ್ಲ, ಕರೆದದ್ದಕ್ಕೂ.

ನನಗೆ ತಡೆಯಲಾಗಲಿಲ್ಲ. "ಬೇಜಾರಾಗಲ್ವಾ ಅತ್ತೆ, ದಿನಾ ಹಿಂಗೇ?"

"ಬೇಜಾರು ಎಂತಕ್ಕೆ ಮಾರಾಯ್ತಿ? ಒಂದೇ ಕೆಲ್ಸ ದಿನಾ ಮಾಡೋದು ನಾನು ಯಾವತ್ತಾದ್ರೂ ಕಲ್ತಿದ್ನಾ? ಈಗ ಕಲೀತಿದೀನಿ. ಇಷ್ಟು ಕಷ್ಟದ್ದು ಇನ್ಯಾವುದೂ ಇಲ್ಲ ನೋಡು," ಅಂತ ನಕ್ಕರು.

ನಾನು ಸೀರೆ ತೆಗೆದುಕೊಟ್ಟೆ. ಅತ್ತೆಯ ಕಣ್ಣು ಅರಳಿತು. ಬಿಡಿಸಿ, ಸೆರಗು ನೋಡಿ, ಕೆನ್ನೆಗೆ ಒತ್ತಿಕೊಂಡರು. ಆಮೇಲೆ ಮೆಲ್ಲಗೆ ಮಡಿಸಿ ತೊಡೆಯ ಮೇಲಿಟ್ಟುಕೊಂಡು, ತಾವು ಉಟ್ಟಿದ್ದ ಸೀರೆಯ ಅಂಚು ಹಿಡಿದು ತೋರಿಸಿದರು. ಮಾಸಿದ ಹಸಿರು, ಸಣ್ಣ ಹಳದಿ ಅಂಚು, ಒಂದೆರಡು ಕಡೆ ಹೊಲಿಗೆ.

"ಇದೇ ಹಸಿರು ಸಿಗ್ತದೇನೇ ನಿಮ್ಮೂರಲ್ಲಿ?"

ಯಾಕೆ ಅಂತ ಕೇಳಿದೆ.

"ಮುಖ ಗುರುತು ಸಿಗೋದಿಲ್ಲ ಅವರಿಗೆ. ಈ ಸೀರೆ ಗೊತ್ತಾಗ್ತದೆ. ಒಂದಿನ ಒಗೆದು ಹಾಕಿ ಬೇರೆ ಉಟ್ಟಿದ್ದೆ. ಎದ್ದು ನಿಂತು ಕೈ ಮುಗಿದು, 'ಅಮ್ಮಾ, ನಮ್ಮನೆಯವಳು ಎಲ್ಲಿ ಹೋದ್ಲು, ಕಂಡ್ರಾ?' ಅಂದ್ರು. ಒಳಗೆ ಹೋಗಿ ಒಗೆದ ಒದ್ದೆ ಸೀರೇನೇ ಉಟ್ಕೊಂಡು ಬಂದೆ. 'ಎಲ್ಲಿ ಹೋಗಿದ್ಯೇ ಇಷ್ಟೊತ್ತು?' ಅಂತ ಬೈದ್ರು." ಅತ್ತೆ ಅಂಚಿನ ಹೊಲಿಗೆಯ ಮೇಲೆ ಬೆರಳಾಡಿಸಿದರು. "ಈ ಸೀರೆ ಹರಿದು ಹೋದ್ರೆ ನಾನೂ ಇಲ್ಲ ಅವರಿಗೆ."

ನಾನು ತೀರ್ಥಹಳ್ಳಿಯ ಅಂಗಡಿಗಳಲ್ಲಿ ಹುಡುಕಿದೆ. ಅತ್ತೆ ಕತ್ತರಿಸಿಕೊಟ್ಟ ಅಂಚಿನ ಚೂರು ಕೈಯಲ್ಲಿತ್ತು. ಅಂಗಡಿಯವರು "ಇದು ಹಳೇ ಮಾಲು, ಈಗ ಯಾರು ಉಡ್ತಾರಮ್ಮ, ಹೊಸ ಡಿಸೈನ್ ನೋಡಿ" ಅಂತ ರಾಶಿ ಹಾಕಿದರು. ಬೇಡ, ಇದೇ ಬೇಕು ಅಂದೆ. ಕೊನೆಗೆ ಒಂದು ಸಣ್ಣ ಅಂಗಡಿಯ ಮೇಲಿನ ಅಟ್ಟದಲ್ಲಿ ಸಿಕ್ಕಿತು.

ತಗೊಂಡು ಮೊದಲ ಬಸ್ಸಿಗೆ ಸಾಗರಕ್ಕೆ ಹೋದೆ. ಅತ್ತೆ ಸೀರೆಯನ್ನು ಬಿಡಿಸಿ ನೋಡಲಿಲ್ಲ, ಕೆನ್ನೆಗೂ ಒತ್ತಿಕೊಳ್ಳಲಿಲ್ಲ. ನೇರ ಬಾವಿಕಟ್ಟೆಗೆ ಒಯ್ದು ನೀರಲ್ಲಿ ಅದ್ದಿದರು. ಸೋಪು ಹಚ್ಚಿ ಕುಕ್ಕಿದರು, ಹಿಂಡಿದರು, ಮತ್ತೆ ಅದ್ದಿದರು. ಗಂಜಿ ಬಿಟ್ಟು, ಹೊಳಪು ಹೋಗಿ, ಹಳೆಯ ಸೀರೆಯ ಹಾಗೆ ಕಾಣುವವರೆಗೂ ಅತ್ತೆ ಅದನ್ನು ಒಗೆಯುತ್ತಲೇ ಇದ್ದರು.